ಅಪೂರ್ಣ ಜ್ಞಾನವೂ ಸತ್ಯಾಣುವ್ರತವೂ: ಒಂದು ಕ್ಷುದ್ರಗ್ರಹದ ನಿಮಿತ್ತ

೨೦೨೫ರ ಫೆಬ್ರವರಿ ೧೨ ಭರತ ಹುಣ್ಣಿಮೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಅದು ಜಾತ್ರೆಯ ಕಾಲ. ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಜನಸಾಗರವನ್ನು ಒಂದು ಕೂಗಿನಿಂದ ನಿಶ್ಶಬ್ದಗೊಳಿಸಿ, ಒಂದೇ ಸಾಲಿನ ಕಾರಣಿಕವನ್ನು ನುಡಿದು ಕೆಳಕ್ಕೆ ಬೀಳುವುದು ಅಲ್ಲಿಯ ಪದ್ಧತಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ರೈತರೂ ವರ್ತಕರೂ ಆ ಸಾಲನ್ನು ಮನೆಗೊಯ್ದು ಮಳೆಗೋ ಬೆಳೆಗೋ ಧಾರಣೆಗೋ ರಾಜಕಾರಣಕ್ಕೋ ಹೊಂದಿಸಿಕೊಂಡು ಅರ್ಥ ಹೇಳುತ್ತಾರೆ. ನುಡಿದವನು ಅರ್ಥ ಹೇಳುವುದಿಲ್ಲ. ಅರ್ಥದ ಹೊಣೆ ಕೇಳಿದವರದು. ಆ ಏರ್ಪಾಡಿನಲ್ಲಿ ಒಂದು ಬಗೆಯ ವಿನಯವಿದೆಯೆಂಬುದನ್ನು ಒಪ್ಪಬೇಕು.

ಆ ಹುಣ್ಣಿಮೆ ಕಳೆದು ಆರು ದಿನಗಳಾದ ಮೇಲೆ, ಫೆಬ್ರವರಿ ೧೮ರಂದು, ಬೇರೊಂದು ಬಗೆಯ ಭವಿಷ್ಯವಾಕ್ಯವು ಲೋಕಕ್ಕೆಲ್ಲ ಕೇಳಿಸಿತು. '೨೦೨೪ ವೈ.ಆರ್. ೪' ಎಂಬ ಕ್ಷುದ್ರಗ್ರಹವು ೨೦೩೨ರ ಡಿಸೆಂಬರ್ ೨೨ರಂದು ಭೂಮಿಗೆ ತಾಗುವ ಸಂಭವ ಶೇಕಡ ೩.೧, ಅಂದರೆ ಮೂವತ್ತೆರಡರಲ್ಲಿ ಒಂದು ಎಂದು ಅಮೆರಿಕದ ನಾಸಾ ಸಂಸ್ಥೆಯು ಪ್ರಕಟಿಸಿತು. ಮರುದಿನ ಆ ಅಂಕಿ ಅರ್ಧಕ್ಕೆ ಇಳಿಯಿತು. ಫೆಬ್ರವರಿ ೨೪ರ ಹೊತ್ತಿಗೆ ಅದು ಶೇಕಡ ೦.೦೦೪. ಭಯಪಡಬೇಕಾದುದೇನೂ ಉಳಿಯಲಿಲ್ಲ.

ಸುದ್ದಿ ತಣ್ಣಗಾದ ಮೇಲೆ ಹಲವು ಜಗುಲಿಗಳಲ್ಲಿ ಒಂದು ಪ್ರಶ್ನೆ ಕೇಳಿಬಂದಿತು. ಆರು ದಿನಗಳಲ್ಲಿ ಹಿಂತೆಗೆದುಕೊಳ್ಳಬೇಕಾದ ಮಾತನ್ನು ಆಡಿದ್ದೇಕೆ? ಖಚಿತವಾಗುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು? ಇದನ್ನು ಹರಟೆಯೆಂದು ತಳ್ಳಿಹಾಕುವಂತಿಲ್ಲ. ಅರೆಬರೆಯಾಗಿ ತಿಳಿದವನ ಕರ್ತವ್ಯವೇನು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. ಸತ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಇದಕ್ಕೆ ಉತ್ತರ ಹುಡುಕಲೇಬೇಕಾಗುತ್ತದೆ.

ಮೊದಲು ಆ ಕಲ್ಲಿನ ಸಂಗತಿಯನ್ನು ತಿಳಿಯಬೇಕು. ೨೦೨೪ರ ಡಿಸೆಂಬರ್ ೨೭ರಂದು ಚಿಲಿ ದೇಶದಲ್ಲಿರುವ 'ಅಟ್ಲಾಸ್' ದೂರದರ್ಶಕವು ಅದನ್ನು ಮೊದಲು ಕಂಡಿತು. ಅದು ಭೂಮಿಗೆ ಅತಿ ಸಮೀಪ ಬಂದದ್ದು ಡಿಸೆಂಬರ್ ೨೫ರಂದು, ಸುಮಾರು ಎಂಟು ಲಕ್ಷ ಕಿಲೋಮೀಟರ್ ದೂರದಲ್ಲಿ. ಎಂದರೆ ಅದು ಮನೆಯ ಮುಂದೆ ಹಾದುಹೋದ ಎರಡು ದಿನಗಳ ನಂತರ ಕಣ್ಣಿಗೆ ಬಿದ್ದದ್ದು! ಸೂರ್ಯನ ದಿಕ್ಕಿನಿಂದ ಬರುವ ಕಲ್ಲುಗಳು ಹಗಲಿನ ಬೆಳಕಿನಲ್ಲಿ ಅಡಗಿರುತ್ತವೆ. ದೂರದರ್ಶಕಗಳಿಗೆ ಅವುಗಳ ಬೆನ್ನು ಮಾತ್ರ ಕಾಣುತ್ತದೆ. ೨೦೧೩ರ ಫೆಬ್ರವರಿ ೧೫ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಆಕಾಶದಲ್ಲಿಯೇ ಸಿಡಿದ ಸುಮಾರು ೨೦ ಮೀಟರಿನ ಕಲ್ಲನ್ನು ಮುಂಚಿತವಾಗಿ ಯಾರೂ ಕಂಡಿರಲಿಲ್ಲ. ಅಂದು ಗಾಯಗೊಂಡವರು ಸುಮಾರು ೧,೫೦೦ ಮಂದಿ. ಹೆಚ್ಚಿನವರಿಗೆ ತಾಗಿದ್ದು ಒಡೆದ ಕಿಟಕಿಗಳ ಗಾಜು.

ವೈ.ಆರ್. ೪ ಸೂರ್ಯನನ್ನು ಒಂದು ಸುತ್ತು ಬರಲು ಸರಿಸುಮಾರು ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ. ಅದರ ಕಕ್ಷೆ ಬಹಳ ನೀಳವಾದುದು. ಒಂದು ತುದಿಯಲ್ಲಿ ಅದು ಭೂಕಕ್ಷೆಗಿಂತ ಒಳಗೆ, ಸೂರ್ಯನಿಗೆ ಹತ್ತಿರವಾಗಿ ಬರುತ್ತದೆ. ಇನ್ನೊಂದು ತುದಿಯಲ್ಲಿ ಮಂಗಳನನ್ನು ದಾಟಿ ಗುರುಗ್ರಹದ ಕಡೆಗೆ, ಭೂಮಿ ಸೂರ್ಯರ ಅಂತರದ ನಾಲ್ಕು ಪಟ್ಟು ದೂರ ಹೋಗುತ್ತದೆ. ಆ ಕಕ್ಷೆಯ ತಲವು ಭೂಕಕ್ಷೆಯ ತಲಕ್ಕೆ ಸುಮಾರು ಮೂರೂವರೆ ಅಂಶ ಮಾತ್ರ ಓರೆಯಾಗಿದೆ. ಭೂಮಿಯ ದಾರಿಯನ್ನು ಹೀಗೆ ಅಡ್ಡ ಹಾಯುವ ಕಲ್ಲುಗಳಿಗೆ 'ಅಪೊಲೊ' ವರ್ಗವೆಂದು ಹೆಸರು. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಅದು ತನ್ನ ಸುತ್ತಲೂ ಒಂದು ಸುತ್ತು ತಿರುಗುತ್ತದೆ. ಹೊಳಪನ್ನು ಮಾತ್ರ ನೋಡಿ ಅಳೆದಾಗ ಅದರ ಗಾತ್ರ ೪೦ರಿಂದ ೯೦ ಮೀಟರ್ ಎಂದಷ್ಟೇ ಹೇಳಬಹುದಾಗಿತ್ತು. ಏಕೆಂದರೆ ಕಪ್ಪಾದ ದೊಡ್ಡ ಕಲ್ಲೂ ಬೆಳ್ಳಗಿನ ಚಿಕ್ಕ ಕಲ್ಲೂ ದೂರದಿಂದ ಒಂದೇ ಸಮನೆ ಹೊಳೆಯಬಲ್ಲವು. ಬಳಿಕ ಜೇಮ್ಸ್ ವೆಬ್ ದೂರದರ್ಶಕವು ಅದು ಸೂಸುವ ಶಾಖವನ್ನು ಅಳೆದು ಸುಮಾರು ೬೦ ಮೀಟರ್ ಎಂದು ನಿರ್ಧರಿಸಿತು. ೧೯೦೮ರಲ್ಲಿ ಸೈಬೀರಿಯದ ತುಂಗುಸ್ಕಾದಲ್ಲಿ ಸುಮಾರು ೨,೦೦೦ ಚದರ ಕಿಲೋಮೀಟರ್ ಕಾಡನ್ನು ನೆಲಕ್ಕೊರಗಿಸಿದ್ದು ಹೆಚ್ಚುಕಡಿಮೆ ಇಷ್ಟೇ ಗಾತ್ರದ ಕಲ್ಲು ಎಂಬ ಅಂದಾಜಿದೆ. ಭೂಮಂಡಲಕ್ಕೆ ಪ್ರಳಯ ತರುವ ವಸ್ತು ಇದಲ್ಲ. ಒಂದು ದೊಡ್ಡ ತಾಲ್ಲೂಕಿಗೆ ಮಾತ್ರ ಸಾಕಾಗುವಂಥದು.

ದಾರಿಗಳು ಅಡ್ಡ ಹಾಯುವುದಕ್ಕೂ ಡಿಕ್ಕಿಯಾಗುವುದಕ್ಕೂ ಬಹಳ ಅಂತರವಿದೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹರಿಹರಕ್ಕೆ ಹೋಗುವ ರೈಲುಹಳಿಯನ್ನು ಎಷ್ಟೋ ಗಾಡಿಗಳು ನಿತ್ಯ ದಾಟುತ್ತವೆ. ಗಾಡಿಯೂ ರೈಲೂ ಒಂದೇ ಕ್ಷಣದಲ್ಲಿ ಗೇಟಿನಲ್ಲಿದ್ದರೆ ಮಾತ್ರ ಅನಾಹುತ. ಭೂಮಿಯು ತನ್ನ ದಾರಿಯಲ್ಲಿ ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರ್ ಓಡುತ್ತಿರುತ್ತದೆ. ಅದರ ವ್ಯಾಸ ೧೨,೭೪೨ ಕಿಲೋಮೀಟರ್. ಆದುದರಿಂದ ತನ್ನ ಮೈಯಷ್ಟು ಅಂತರವನ್ನು ಅದು ದಾಟಲು ಏಳು ನಿಮಿಷಗಳು ಸಾಕು. ಎಂಟು ವರ್ಷಗಳ ಮುಂದಿನ ಭೇಟಿಯಲ್ಲಿ ಆ ಏಳು ನಿಮಿಷಗಳನ್ನು ಲೆಕ್ಕ ಹಾಕಬೇಕು. ಕೈಯಲ್ಲಿರುವುದು ಕೆಲವೇ ವಾರಗಳ ವೀಕ್ಷಣೆ. ಅಂಕಿ ಏರಿಳಿದದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಏರಿದ್ದೇಕೆ, ಅನಂತರ ಇಳಿದದ್ದೇಕೆ? ಇದನ್ನು ತಿಳಿಯಲು ಕೊಟ್ಟೂರಿನ ದಲಾಲಿ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಬಹುದು. ಶೇಂಗಾ ತುಂಬುವಾಗ ಹಮಾಲನ ಉಂಗುರವು ನೂರು ಚೀಲಗಳಲ್ಲಿ ಯಾವುದೋ ಒಂದಕ್ಕೆ ಬಿದ್ದಿದೆ. ಮೂಲೆಯ ಚೀಲದಲ್ಲಿ ಅದಿರುವ ಸಂಭವ ನೂರರಲ್ಲಿ ಒಂದು. ಒಂದೊಂದೇ ಚೀಲವನ್ನು ಬಿಚ್ಚಿ ನೋಡುತ್ತ ಹೋದಂತೆ, ಉಂಗುರ ಸಿಗದಿದ್ದರೆ, ಉಳಿದ ಚೀಲಗಳ ಮೇಲಿನ ಶಂಕೆ ಹೆಚ್ಚುತ್ತದೆ. ಅರವತ್ತೆಂಟು ಚೀಲ ಬಿಚ್ಚಿದ ಮೇಲೆ ಮೂಲೆಯ ಚೀಲದ ಪಾಲು ಮೂವತ್ತೆರಡರಲ್ಲಿ ಒಂದಾಗಿರುತ್ತದೆ. ಆ ಚೀಲದೊಳಗೆ ಏನೂ ಬದಲಾಗಿಲ್ಲ; ಬದಲಾದದ್ದು ನೋಡುವವನ ತಿಳಿವು. ಮುಂದಿನ ಚೀಲದಲ್ಲಿ ಉಂಗುರ ಸಿಕ್ಕಿತೆಂದರೆ ಮೂಲೆಯ ಚೀಲದ ಪಾಲು ತಟ್ಟನೆ ಸೊನ್ನೆ. ಆ ಫೆಬ್ರವರಿಯಲ್ಲಿ ನಡೆದುದು ಇಷ್ಟೇ. ಕಲ್ಲು ತನ್ನ ದಾರಿಯನ್ನು ಬದಲಿಸಲಿಲ್ಲ. ಅದು ಸಾಗಬಹುದಾದ ದಾರಿಗಳ ಹರವು ಕಿರಿದಾಗುತ್ತ ಬಂದಿತು. ಭೂಮಿಯು ಸ್ವಲ್ಪ ಕಾಲ ಆ ಹರವಿನೊಳಗೆ ಉಳಿದು, ಆಮೇಲೆ ಹೊರಗಾಯಿತು.

ಹಾಗಾದರೆ ಫೆಬ್ರವರಿ ೧೮ರ ೩.೧ ಸುಳ್ಳೇ? ೨೪ರ ೦.೦೦೪ ಮಾತ್ರ ನಿಜವೇ? ಎರಡೂ ನಿಜ. ಆಯಾ ದಿನದ ವೀಕ್ಷಣೆಯ ಅಪೇಕ್ಷೆಯಿಂದ ಆಯಾ ಮಾತು ಸತ್ಯ. ಅನೇಕಾಂತವನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ಆದರೆ ಇಲ್ಲೊಂದು ಎಚ್ಚರ ಬೇಕು. 'ಸ್ಯಾತ್' ಎಂಬ ಪದಕ್ಕೆ 'ಬಹುಶಃ' ಎಂದು ಅರ್ಥ ಹೇಳಿ, ಇಂದಿನ ಸಂಭವಶಾಸ್ತ್ರವೆಲ್ಲ ಸ್ಯಾದ್ವಾದದಲ್ಲಿ ಮೊದಲೇ ಇತ್ತೆಂದು ಹಿಗ್ಗುವ ಅಭ್ಯಾಸ ಸಮಾಜದಲ್ಲಿದೆ. ಸ್ಯಾತ್ ಎಂಬುದು ಸಂಶಯವಾಚಕವಲ್ಲ. 'ಒಂದು ಅಪೇಕ್ಷೆಯಿಂದ' ಎಂಬುದೇ ಅದರ ಅರ್ಥ. ಭಾರತೀಯ ಸಂಖ್ಯಾಶಾಸ್ತ್ರದ ಹಿರಿಯರಾದ ಪಿ. ಸಿ. ಮಹಲನೋಬಿಸ್ ಅವರು ೧೯೫೪ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಸ್ಯಾದ್ವಾದದ ಪ್ರಸ್ತಾಪವನ್ನು ತಂದದ್ದು ನಿಜ. ಅವರು ಸಾಮ್ಯವನ್ನು ತೋರಿಸಿದರು. ಸಾಮ್ಯವನ್ನು ಸ್ವಾಮ್ಯವೆಂದು ತಿಳಿಯಬಾರದು.

ಪ್ರಕಟಿಸಬಾರದಿತ್ತು ಎನ್ನುವವರ ಪಕ್ಷವೂ ದುರ್ಬಲವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು, ಸುಳ್ಳನ್ನು ಮಾತ್ರವಲ್ಲ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಗೃಹಸ್ಥನು ನುಡಿಯಬಾರದೆಂದು ವಿಧಿಸುತ್ತದೆ. ಬೇಟೆಗಾರನು ಜಿಂಕೆ ಓಡಿದ ದಾರಿಯನ್ನು ಕೇಳಿದರೆ ಕಂಡವನು ಸುಮ್ಮನಿರುವುದೇ ಧರ್ಮ. ಭಯಪಡಿಸುವುದೂ ಹಿಂಸೆಯೇ. ಕೂಡ್ಲಿಗಿಯ ಬೆದ್ದಲು ಹೊಲದ ರೈತನಿಗೆ ಆಕಾಶದ ಕಲ್ಲಿನ ವಿಷಯದಲ್ಲಿ ಮಾಡಲಾಗುವುದೇನೂ ಇಲ್ಲ. ಅವನ ನಿದ್ದೆಯನ್ನು ಕೆಡಿಸುವುದರಿಂದ ಯಾರಿಗೆ ಪುಣ್ಯ? ಆ ದಿನಗಳಲ್ಲಿ ಕೆಲವು ವಾಹಿನಿಗಳು 'ನಗರನಾಶಕ' ಎಂಬ ಪದವನ್ನು ತೆರೆಯ ತುಂಬ ಬರೆದು, ಶೇಕಡ ೯೬.೯ರಷ್ಟು ಸಂಭವ ಅದು ತಾಗದೆ ಹೋಗುವುದೇ ಎಂಬುದನ್ನು ನುಂಗಿಬಿಟ್ಟವು. ಅಂಕಿಯ ಅರ್ಧವನ್ನು ಮಾತ್ರ ಹೇಳುವುದು ಸತ್ಯವೆನಿಸದು. ಆ ಮಟ್ಟಿಗೆ ಆಕ್ಷೇಪ ನ್ಯಾಯವಾದುದೇ.

ಆದರೆ ಜಿಂಕೆಯ ಪ್ರಸಂಗದಲ್ಲಿ ಮೌನವು ಜಿಂಕೆಯನ್ನು ಉಳಿಸುತ್ತದೆ. ಇಲ್ಲಿ ಮೌನವು ಯಾರನ್ನು ಉಳಿಸುತ್ತದೆ? ಇದನ್ನು ವಿಚಾರಿಸಲು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದನ್ನು ನೆನೆಯಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ 'ನ್ಯಾಸಾಪಹಾರ' ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿರುವ ಬಗೆ ವ್ಯಾಪಾರಿಗೆ ನೇರವಾಗಿ ತಾಗುತ್ತದೆ. ಒಬ್ಬನು ಹೊನ್ನನ್ನು ಇಡಗಂಟಾಗಿ ಇಟ್ಟು ಹೋಗಿರುತ್ತಾನೆ. ಕಾಲಾಂತರದಲ್ಲಿ ಎಷ್ಟೆಂಬುದನ್ನು ಮರೆತು, ಇಟ್ಟದ್ದಕ್ಕಿಂತ ಕಡಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹಾಗೆಯೇ ಆಗಲಿ' ಎಂದು ಕೇಳಿದಷ್ಟನ್ನು ಕೊಟ್ಟು ಕಳುಹಿಸುತ್ತಾನೆ. ಅವನು ಸುಳ್ಳಾಡಲಿಲ್ಲ. ಕೇಳಿದ್ದನ್ನು ಕೊಡದೆ ಇರಲಿಲ್ಲ. ಆದರೂ ಅದು ಸತ್ಯವ್ರತಕ್ಕೆ ತಗಲಿದ ಕಳಂಕ. ಅಸ್ತೇಯದಡಿ ಇದನ್ನು ಸೇರಿಸದೆ ಸತ್ಯದಡಿ ಸೇರಿಸಿದ್ದು ಗಮನಾರ್ಹ. ಕೇಳುವವನಿಗೆ ಎಷ್ಟು ಕೇಳಬೇಕೆಂದು ಗೊತ್ತಿಲ್ಲ, ಬಲ್ಲವನಿಗೆ ಗೊತ್ತಿದೆ; ಆ ಗೊತ್ತಿಲ್ಲದಿಕೆಯನ್ನು ಬಳಸಿಕೊಂಡ ಮಾತೇ ದೋಷ. ಪೂಜ್ಯಪಾದರ ಶಿಷ್ಯನೆಂದು ಪ್ರತೀತಿಯಿರುವ ಗಂಗರ ದುರ್ವಿನೀತನೇ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಈ ಸೀಮೆಗೆ ಆ ವಿಚಾರ ಹೊರಗಿನದಲ್ಲ.

ದೂರದರ್ಶಕದ ಹಿಂದೆ ಕುಳಿತವನ ಬಳಿ ಇರುವ ತಿಳಿವಳಿಕೆಯೂ ಇಂಥದೊಂದು ಇಡಗಂಟು. ಅದು ಅವನ ಸ್ವಂತ ಸೊತ್ತಲ್ಲ; ಯಾರ ತಲೆಯ ಮೇಲೆ ಆ ಕಲ್ಲು ಹಾಯಬಹುದೋ ಅವರದು. ಅವರಿಗೆ ಕೇಳಲು ಗೊತ್ತಿಲ್ಲವೆಂಬುದು ಕೊಡದಿರಲು ಕಾರಣವಾಗದು. ಆ ಫೆಬ್ರವರಿಯ ಲೆಕ್ಕದಂತೆ ಅಪಾಯದ ಪಟ್ಟಿಯು ಪೆಸಿಫಿಕ್ ಸಾಗರದ ಪೂರ್ವಭಾಗದಿಂದ ದಕ್ಷಿಣ ಅಮೆರಿಕದ ಉತ್ತರಭಾಗ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರಗಳನ್ನು ಹಾದು ದಕ್ಷಿಣ ಏಷ್ಯಾದವರೆಗೆ ಚಾಚಿತ್ತು. ಮುಂಬಯಿ, ಕೋಲ್ಕತ್ತ, ಢಾಕಾಗಳ ಹೆಸರುಗಳೂ ಆ ಸಂಬಂಧದಲ್ಲಿ ಕೇಳಿಬಂದವು. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಎಷ್ಟೋ ಮನೆಗಳ ಮಕ್ಕಳು ಮುಂಬಯಿಯಲ್ಲಿ ದುಡಿಯುತ್ತಿದ್ದಾರೆ. ವಿಷಯವು ಅಷ್ಟೇನೂ ದೂರದ್ದಾಗಿರಲಿಲ್ಲ.

ಬಲ್ಲವರು ಹೇಳಲಾಗದೆ ಹೋದಾಗ ಏನಾಗುತ್ತದೆಂಬುದಕ್ಕೆ ಉದಾಹರಣೆ ಆಕಾಶದಲ್ಲಿಲ್ಲ, ನೆಲದ ಮೇಲೆಯೇ ಇದೆ. ೨೦೦೪ರ ಡಿಸೆಂಬರಿನಲ್ಲಿ 'ಅಪೋಫಿಸ್' ಎಂಬ, ವೈ.ಆರ್. ೪ಕ್ಕಿಂತ ಬಹಳ ದೊಡ್ಡದಾದ, ೩೦೦ ಮೀಟರಿಗೂ ಮಿಕ್ಕ ಕ್ಷುದ್ರಗ್ರಹದ ಬಗೆಗೆ ಇಂಥದೇ ಅಂಕಿ ಏರತೊಡಗಿತ್ತು. ಡಿಸೆಂಬರ್ ೨೭ರಂದು, ೨೦೨೯ರ ಏಪ್ರಿಲ್ ೧೩ಕ್ಕೆ ಅದು ಭೂಮಿಗೆ ತಾಗುವ ಸಂಭವ ಶೇಕಡ ೨.೭ ಎಂಬಲ್ಲಿಗೆ ತಲುಪಿತು. ಲೋಕವು ಅದನ್ನು ಗಮನಿಸಲಿಲ್ಲ. ಏಕೆಂದರೆ ಹಿಂದಿನ ದಿನ, ಡಿಸೆಂಬರ್ ೨೬ರಂದು, ಸುಮಾತ್ರಾದ ಬಳಿ ಭೂಕಂಪವಾಗಿ ಸುನಾಮಿ ಎದ್ದಿತ್ತು. ಕ್ಷುದ್ರಗ್ರಹದ ಶಂಕೆಯು ಹಳೆಯ ಛಾಯಾಚಿತ್ರಗಳು ದೊರೆತಾಗ ಕರಗಿಹೋಯಿತು. ಸುನಾಮಿ ಹಾಗೆ ಕರಗಲಿಲ್ಲ. ಭೂಕಂಪವನ್ನು ದೂರದೇಶಗಳ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಗುರುತಿಸಿದ್ದವು. ಅಲೆಗಳು ತಮಿಳುನಾಡಿನ ಕರಾವಳಿಗೆ ಬರಲು ಸುಮಾರು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಗಳಲ್ಲಿ 'ಅಲೆ ಬರಬಹುದು, ಬಾರದಿರಲೂಬಹುದು, ದಡದಿಂದ ದೂರ ಸರಿಯಿರಿ' ಎಂದು ಹೇಳುವ ಏರ್ಪಾಡು ಹಿಂದೂಮಹಾಸಾಗರದಲ್ಲಿ ಇರಲಿಲ್ಲ. ಎಲ್ಲ ದೇಶಗಳೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ೨೦೦೭ರಲ್ಲಿ ಹೈದರಾಬಾದಿನಲ್ಲಿ ಮುನ್ನೆಚ್ಚರಿಕೆ ಕೇಂದ್ರ ಸ್ಥಾಪನೆಯಾಯಿತು. ಅಂಥ ಕೇಂದ್ರವು ನೀಡುವ ಎಚ್ಚರಿಕೆಗಳಲ್ಲಿ ಕೆಲವು ಹುಸಿಹೋಗುವುದು ಸಹಜ. ಹುಸಿಹೋದ ಎಚ್ಚರಿಕೆಗಾಗಿ ಕೇಂದ್ರವನ್ನೇ ಮುಚ್ಚಿರೆಂದು ನಾಗಪಟ್ಟಣದ ಮೀನುಗಾರನು ಕೇಳಲಾರನು.

ಕ್ಷುದ್ರಗ್ರಹಗಳ ವಿಷಯದಲ್ಲಿ ವಿಶ್ವಸಂಸ್ಥೆಯ ಶಿಫಾರಸಿನಂತೆ ಏರ್ಪಟ್ಟ ಅಂತರರಾಷ್ಟ್ರೀಯ ಎಚ್ಚರಿಕೆ ಜಾಲವು ಒಂದು ನಿಯಮವನ್ನು ಮೊದಲೇ ಮಾಡಿಕೊಂಡಿತ್ತು: ಹತ್ತು ಮೀಟರಿಗಿಂತ ದೊಡ್ಡದಾದ ಕಲ್ಲು ತಾಗುವ ಸಂಭವ ಶೇಕಡ ಒಂದನ್ನು ದಾಟಿದರೆ ತಿಳಿಸಬೇಕು. ೨೦೨೫ರ ಜನವರಿ ೨೯ರಂದು ಅದರಂತೆಯೇ ತಿಳಿಸಿತು. ಈ ಸಂಗತಿಯಲ್ಲಿ ಅತಿ ಮೆಚ್ಚತಕ್ಕದ್ದು ಇದೇ. ಗಿರಾಕಿಯ ಮುಖ ನೋಡಿ ತೂಕದ ಬಟ್ಟನ್ನು ಆರಿಸುವವನು ವ್ಯಾಪಾರಿಯಲ್ಲ. ಯಾವಾಗ ಹೇಳಬೇಕು, ಯಾವಾಗ ಬೇಡ ಎಂಬುದನ್ನು ಅಪಾಯ ಬರುವ ಮೊದಲೇ, ಯಾರ ಲಾಭನಷ್ಟವೂ ಕಣ್ಣ ಮುಂದಿಲ್ಲದಾಗಲೇ ಗೊತ್ತುಮಾಡಿಕೊಂಡಿದ್ದರೆ, ಭಯವಾಗಲಿ ಲೋಭವಾಗಲಿ ಆಮೇಲೆ ತಕ್ಕಡಿಗೆ ಕೈ ಹಾಕುವುದು ಕಷ್ಟ. ರೈತನು ತಾಳಲಾರನೆಂದು ಅವನ ಪರವಾಗಿ ತಾನೇ ತೀರ್ಮಾನಿಸುವುದರಲ್ಲಿ ಕರುಣೆಗಿಂತ ಮಾನಕಷಾಯದ ಪಾಲೇ ಹೆಚ್ಚು. ಮಳೆಯ ಅಂದಾಜನ್ನು ನಂಬಿಯೂ ನಂಬದೆಯೂ ಪ್ರತಿ ವರ್ಷ ಬೀಜ ಬಿತ್ತುವವನಿಗೆ ಮೂವತ್ತೆರಡರಲ್ಲಿ ಒಂದು ಎಂಬುದರ ಅರ್ಥವನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಬೇಗ ಹೇಳಬೇಕಾದುದಕ್ಕೆ ಇನ್ನೂ ಒಂದು ಕಾರಣವಿದೆ. ಅದು ಇನ್ನಷ್ಟು ತೊಡಕಿನದು. ೨೦೨೨ರ ಸೆಪ್ಟೆಂಬರ್ ೨೬ರಂದು ನಾಸಾದ 'ಡಾರ್ಟ್' ನೌಕೆಯು ಡೈಮಾರ್ಫಸ್ ಎಂಬ ಸುಮಾರು ೧೬೦ ಮೀಟರಿನ ಕಲ್ಲಿಗೆ ಬೇಕೆಂದೇ ಹೋಗಿ ಗುದ್ದಿತು. ಅದರಿಂದ ಭೂಮಿಗೆ ಅಪಾಯವೇನೂ ಇರಲಿಲ್ಲ. ಅದು ಪರೀಕ್ಷೆ ಮಾತ್ರ. ತನಗಿಂತ ದೊಡ್ಡ ಜೊತೆಗಾರನನ್ನು ಸುತ್ತಲು ಆ ಕಲ್ಲು ತೆಗೆದುಕೊಳ್ಳುತ್ತಿದ್ದ ಸುಮಾರು ಹನ್ನೆರಡು ಗಂಟೆಗಳಲ್ಲಿ ಅರ್ಧ ಗಂಟೆಗೂ ಹೆಚ್ಚು ಕಡಮೆಯಾಯಿತು. ಕಲ್ಲನ್ನು ಸರಿಸಬಹುದೆಂಬುದು ಸಿದ್ಧವಾಯಿತು. ಆದರೆ ಹಾಗೆ ಸರಿಸಿದಾಗ ಅದು ಬೀಳುವ ಜಾಗವು ಅಪಾಯದ ಪಟ್ಟಿಯ ಉದ್ದಕ್ಕೂ ಜರುಗುತ್ತ, ಕೊನೆಗೆ ಭೂಮಿಯನ್ನು ಬಿಟ್ಟು ಹೊರಬೀಳಬೇಕು. ಗುದ್ದು ಸಾಲದೆ ಹೋದರೆ, ಒಂದು ದೇಶದ ಮೇಲೆ ಬೀಳಬೇಕಾಗಿದ್ದುದು ಇನ್ನೊಂದು ದೇಶದ ಮೇಲೆ ಬಿದ್ದೀತು. ತನ್ನ ಹೊಲಕ್ಕೆ ನುಗ್ಗಿದ ಹಳ್ಳದ ನೀರಿಗೆ ಬದು ಕಟ್ಟಿ, ಅದನ್ನು ನೆರೆಯವನ ಹೊಲದ ಮೂಲಕ ಹೊರಗೆ ಕಳುಹಿಸುವುದಕ್ಕೆ ಇದನ್ನು ಹೋಲಿಸಬಹುದು. ನೆರೆಯವನನ್ನು ಕೇಳದೆ ಮಾಡಿದರೆ ಅದು ಅನ್ಯಾಯ. ಕೇಳಿ ಮಾಡಬೇಕಾದರೆ ಅವನಿಗೂ ಎಲ್ಲವೂ ತಿಳಿದಿರಬೇಕು, ಮತ್ತು ಯೋಚಿಸಲು ಕಾಲ ಇರಬೇಕು. ಕಲ್ಲನ್ನು ಸರಿಸುವ ಸಾಮರ್ಥ್ಯವಿರುವ ದೇಶಗಳು ಬೆರಳೆಣಿಕೆಯಷ್ಟು, ಪಟ್ಟಿಯ ಕೆಳಗಿದ್ದ ದೇಶಗಳು ಹಲವು. ಸಂಕಲ್ಪಿಸಿ ಮಾಡಿದ ಹಿಂಸೆಗೂ ತಾನಾಗಿ ಒದಗಿದ ಆಪತ್ತಿಗೂ ಶ್ರಾವಕಾಚಾರವು ಕಾಣುವ ಭೇದವನ್ನು ಇಲ್ಲಿ ಮರೆಯುವಂತಿಲ್ಲ. ಕಲ್ಲು ತಾನಾಗಿ ಬಿದ್ದರೆ ಯಾರ ಹೊಣೆಯೂ ಅಲ್ಲ. ಕೈಯಿಟ್ಟು ಸರಿಸಿದ ಮೇಲೆ ಬಿದ್ದರೆ ಸರಿಸಿದವನ ಹೊಣೆ. ಹಾಗೆಂದು ಕೈಕಟ್ಟಿ ಕೂರುವುದು ನಿರ್ದೋಷವೇ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಕೊನೆಯ ಗಳಿಗೆಯವರೆಗೆ ವಿಷಯವನ್ನು ಮುಚ್ಚಿಟ್ಟರೆ ಪ್ರಶ್ನೆಯನ್ನು ಕೇಳಲೂ ಕಾಲ ಉಳಿಯುವುದಿಲ್ಲ ಎಂಬುದಂತೂ ಸ್ಪಷ್ಟ.

ಬಸದಿಗಳ ಧರ್ಮದರ್ಶಿಗಳಿಗೂ ಈ ವಿಚಾರ ತೀರ ಹೊರಗಿನದಲ್ಲ. ಗರ್ಭಗೃಹದ ತೊಲೆಯಲ್ಲಿ ಬಿರುಕು ಕಂಡಿದೆಯೆಂದಿಟ್ಟುಕೊಳ್ಳಿ. ನೋಡಿದ ಎಂಜಿನಿಯರು, 'ಬೀಳುತ್ತದೆಂದು ಹೇಳಲಾರೆ, ಬೀಳುವುದಿಲ್ಲವೆಂದೂ ಹೇಳಲಾರೆ' ಎನ್ನುತ್ತಾನೆ. ವಾರ್ಷಿಕ ಪೂಜೆ ಹತ್ತಿರ ಬಂದಿದೆ, ಆಮಂತ್ರಣಗಳು ಹೋಗಿವೆ. ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಆದುದರಿಂದ ಯಾರೂ ಹೇಳುವುದಿಲ್ಲ. ವರದಿಯು ಕಪಾಟಿನಲ್ಲಿ ಉಳಿಯುತ್ತದೆ. ನಡವಳಿ ಪುಸ್ತಕದಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ.

೨೦೨೫ರ ಬೇಸಗೆಯ ಹೊತ್ತಿಗೆ ವೈ.ಆರ್. ೪ ನೆಲದ ಮೇಲಿನ ದೂರದರ್ಶಕಗಳಿಗೆ ಕಾಣದಷ್ಟು ಮಂಕಾಗಿ ದೂರ ಸರಿಯಿತು. ಆಗ ಉಳಿದ ಲೆಕ್ಕವು, ೨೦೩೨ರಲ್ಲಿ ಅದು ಚಂದ್ರನಿಗೆ ತಾಗುವ ಸಂಭವ ಶೇಕಡ ನಾಲ್ಕರಷ್ಟು ಎಂದು ತೋರಿಸುತ್ತಿತ್ತು. ಅದನ್ನೂ ಮುಚ್ಚಿಡದೆ ಪ್ರಕಟಿಸಲಾಯಿತು. ಅಪೋಫಿಸ್ ೨೦೨೯ರ ಏಪ್ರಿಲ್ ೧೩ರಂದು, ಭಾರತದ ಗಡಿಯಾರದಂತೆ ೧೪ರ ನಸುಕಿನಲ್ಲಿ, ಭೂಮಿಯಿಂದ ಸುಮಾರು ೩೨,೦೦೦ ಕಿಲೋಮೀಟರ್ ಎತ್ತರದಲ್ಲಿ ತಾಗದೆ ಹಾದುಹೋಗುವುದೆಂದು ಈಗ ಖಚಿತವಾಗಿದೆ. ಹಾಸನದ ಕೇಂದ್ರದಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಇರುವುದು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ. ಅಪೋಫಿಸ್ ಅದಕ್ಕಿಂತಲೂ ಒಳಗೆ ಬರುತ್ತದೆ. ಅದಕ್ಕೂ ಮೊದಲು, ೨೦೨೮ರ ಡಿಸೆಂಬರಿನಲ್ಲಿ, ವೈ.ಆರ್. ೪ ತನ್ನ ನಾಲ್ಕು ವರ್ಷಗಳ ಸುತ್ತನ್ನು ಮುಗಿಸಿ ಮತ್ತೆ ಈ ಕಡೆಗೆ ಬರಲಿದೆ. ಲೆಕ್ಕವನ್ನು ಆಗ ಮತ್ತೊಮ್ಮೆ ತಾಳೆ ನೋಡಲಾಗುವುದು.